ಯಾರ ಪಾಲಿಗೂ ಬಾರದ ಕೋಣೆ

ಸರ್ರ್ ಸರ್ರ್ ಅಂತ ಕಣದ ಮೇಲೆ ಕಾಫಿ ಎಳೆಯುವ ಮರದ ಹಲಗೆಯ ಸದ್ದು. ಹಣ್ಣು ಹಸಿಯಾಗಿದ್ದಾಗ ಆ ಸದ್ದು ಮಂದ, ಒದ್ದೆ ಕಂಬಳಿಯನ್ನು ಎಳೆದ ಹಾಗೆ. ಬಿಸಿಲು ಕುಡಿದು ಕುಡಿದು ಹಣ್ಣು ಕಪ್ಪಾಗುತ್ತಾ ಬಂದಂತೆ ಸದ್ದೂ ಹಗುರವಾಗಿ ಕೊನೆಗೆ ಗಲಗಲ ಅನ್ನುತ್ತದೆ. ಅಪ್ಪ ಒಂದು ಹಿಡಿ ಎತ್ತಿ ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಿ, ಆಮೇಲೆ ನನ್ನ ಕಿವಿಗೂ ಹಿಡಿಯುತ್ತಿದ್ದರು. ಒಳಗಿನ ಬೀಜ ಮಾತಾಡಿದರೆ ಒಣಗಿದೆ ಅಂತ. ಕಾನ್ವೆಂಟಿನ ಹಾಸ್ಟೆಲ್ಲಿಗೆ ಹೋದ ಮೇಲೆ, ಕ್ರಿಸ್‌ಮಸ್ ರಜೆಗೆ ಬಂದು ಗೇಟಿನ ಹತ್ತಿರ ಟ್ರಂಕ್ ಇಳಿಸಿದರೆ ಮೊದಲು ಕೇಳುತ್ತಿದ್ದುದು ಅದೇ. ತೊಂಬತ್ತರ ದಶಕದ ನಡುವೆ, ನನಗೆ ನಲವತ್ತಾಗಿದ್ದಾಗ, ನಾನು ಟೀಚರ್ ಆಗಿದ್ದ ಹಾಸನದ ಶಾಲೆಯ ಆಫೀಸಿಗೆ ತಮ್ಮ ಮಂಜ ಬಾಳ್ಳುಪೇಟೆಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ. 'ಅಪ್ಪ ಹೋಗ್ಬುಟ್ರು ಕಣಕ್ಕ' ಅಂದ. ನಾನು ಬಸ್ಸಿಳಿದು, ನಡೆದು, ಗೇಟಿನ ಹತ್ತಿರ ಬಂದಾಗ ಕಣದಿಂದ ಅದೇ ಸರ್ರ್ ಸರ್ರ್ ಕೇಳಿಸಿತು. ಒಂದು ಕ್ಷಣ ನನ್ನ ಎದೆ ಹಗುರವಾಯಿತು. ಮಂಜ ಏನೋ ತಪ್ಪು ತಿಳಿದು ಫೋನ್ ಮಾಡಿದ್ದಾನೆ, ಅಪ್ಪ ಕಾಫಿ ಎಳೆಯುತ್ತಿದ್ದಾರೆ ಅಂದುಕೊಂಡೆ. ಎಳೆಯುತ್ತಿದ್ದವನು ಅಣ್ಣ. ಪಂಚೆ ಎತ್ತಿ ಕಟ್ಟಿ, ಮೂಗು ಸೊರಸೊರ ಎಳೆಯುತ್ತಾ, ಅರೆ ಒಣಗಿದ ಹಣ್ಣನ್ನೆಲ್ಲ ಮಧ್ಯಕ್ಕೆ ತಳ್ಳುತ್ತಿದ್ದ. ನನ್ನನ್ನು ನೋಡಿ ಅವನು ಆಡಿದ ಮೊದಲ ಮಾತು:

"ಮೋಡ ಆಯ್ತಾ ಐತೆ ಕೆಂಚಿ. ರಾಶಿ ಮಾಡ್ಬುಡಾಣ ಅಂತ."

ಒಳಗೆ ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಅಣ್ಣ ಅಂಥವನು. ಅವನ ದುಃಖ, ಪ್ರೀತಿ, ಸಿಟ್ಟು ಯಾವುದೂ ಬಾಯಿಯ ದಾರಿ ಹಿಡಿಯುತ್ತಿರಲಿಲ್ಲ, ಎಲ್ಲವೂ ಕೈಗೇ ಹೋಗುತ್ತಿದ್ದವು. ಅವನ ಹೆಸರು ದೇವರಾಜ. ನನ್ನ ಪೂರ್ತಿ ಹೆಸರು ಕೆಂಚಮ್ಮ, ನಮ್ಮ ಸೀಮೆಯ ದೇವಿಯ ಹೆಸರು. ಕಾನ್ವೆಂಟಿನ ಸಿಸ್ಟರ್‌ಗಳು ಅದನ್ನು ಇಡಿಯಾಗಿ, ಬಹಳ ಪೊಲೈಟ್ ಆಗಿ ಕರೆಯುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ನಾನು ಕೆಂಚಿ.

ಅಪ್ಪ ಉಯಿಲು ಬರೆದಿರಲಿಲ್ಲ. ಅಮ್ಮನ ತಮ್ಮ, ನಾವು ಪಾಳ್ಯದ ಮಾವ ಅಂತ ಕರೆಯುತ್ತಿದ್ದ ಪುಟ್ಟಸ್ವಾಮಿ ಮಾವ, ಬಂದಾಗಲೆಲ್ಲ ಆ ಮಾತು ಎತ್ತುತ್ತಿದ್ದರು. ಅಪ್ಪ ಎಲೆಯಡಿಕೆ ಮೆಲ್ಲುತ್ತಾ ನಗುತ್ತಿದ್ದರು:

"ಉಯಿಲು ಬರ್ಯೋದು ಅಂದ್ರೆ ಯಮನಿಗೆ ಅಡ್ರೆಸ್ ಕೊಟ್ಟಂಗೆ ಕಣೋ ಮಾರಾಯ. ನನ್ ಮಕ್ಳು ಕಚ್ಚಾಡೋ ಪೈಕಿ ಅಲ್ಲ, ಬುಡು."

ಆ ಎರಡನೇ ಮಾತೇನೋ ನಿಜವೇ. ನಾವು ಕಚ್ಚಾಡುವ ಪೈಕಿ ಅಲ್ಲ. ಆದರೆ ಕಚ್ಚಾಡದವರ ಮನೆಯಲ್ಲಿ ಇನ್ನೊಂದು ತೊಂದರೆ ಇರುತ್ತದೆ. ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ನಮ್ಮದು ತೊಟ್ಟಿ ಮನೆ. ತೊಟ್ಟಿಯ ಸುತ್ತಲೂ ನಡುಮನೆ, ಅದರಾಚೆ ಅಡಿಗೆಮನೆ, ಮುಂದೆ ಉದ್ದಕ್ಕೆ ಜಗಲಿ, ಜಗಲಿಗೆ ಎದುರಾಗಿ ಕಣ. ಊಟಕ್ಕೆ ಗಂಡಸರು ಮೊದಲು ಸಾಲಾಗಿ ಕೂರುತ್ತಿದ್ದರು, ಆಮೇಲೆ ಹುಡುಗರು, ಕೊನೆಗೆ ಅಡಿಗೆಮನೆಯೊಳಗೆ ನಾವು ಹೆಂಗಸರು. ನಾಟಿ ಕೋಳಿಯ ಸಾರು, ಕಡುಬು ಆದ ದಿನ ಪಾತ್ರೆಯ ತಳದಲ್ಲಿ ಏನು ಉಳಿದಿದೆ ಅನ್ನುವುದು ಸೌಟಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಾನು ಕತ್ತು ಚಾಚಿದರೆ ಅಮ್ಮ ಕಣ್ಣಲ್ಲೇ ಗದರುತ್ತಿದ್ದಳು. ಹೆಣ್ಣುಮಕ್ಕಳು ತಟ್ಟೆ ನೋಡಿಕೊಂಡು ಉಣ್ಣಬೇಕು, ಪಾತ್ರೆ ನೋಡಬಾರದು ಅನ್ನುವುದು ಅವಳ ಶಾಸ್ತ್ರ. ಅಪ್ಪನ ತಾಯಿ, ನಮ್ಮಜ್ಜಿ, ತನ್ನ ತಟ್ಟೆಯ ಅನ್ನದೊಳಗೆ ಕೋಳಿಯ ಈಲಿಯ, ಅಂದರೆ ಲಿವರಿನ, ಚೂರು ಬಚ್ಚಿಟ್ಟುಕೊಂಡು ಬಂದು ನನ್ನ ಪಕ್ಕ ಕೂತು, ಬೇರೆ ಎಲ್ಲೋ ನೋಡುತ್ತಾ, ಅದನ್ನು ನನ್ನ ತಟ್ಟೆಗೆ ಜಾರಿಸುತ್ತಿದ್ದಳು. ಕಾನ್ವೆಂಟಿಗೆ ಹೋದರೆ ಅಲ್ಲಿಯೂ ಅದೇ ಪಾಠ, ಇಂಗ್ಲಿಷಿನಲ್ಲಿ. ಟೇಬಲ್ ಮ್ಯಾನರ್ಸ್ ಕಲಿಸುತ್ತಿದ್ದ ಸಿಸ್ಟರ್, 'ವೇಟ್ ಟು ಬಿ ಆಸ್ಕ್ಡ್, ಚೈಲ್ಡ್' ಅನ್ನುತ್ತಿದ್ದರು. ಹೀಗೆ ಎರಡು ಭಾಷೆಯಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತು ನಾನು ದೊಡ್ಡವಳಾದೆ. ಮದುವೆಯ ಮಾತುಗಳು ಬಂದು ಹೋದವು. ಇಂಗ್ಲಿಷ್ ಓದಿದವಳು ಕೊಟ್ಟಿಗೆಗೆ ಇಳಿಯುತ್ತಾಳಾ ಅಂತ ಒಬ್ಬರು, ಬಣ್ಣ ಸ್ವಲ್ಪ ಕಮ್ಮಿ ಅಂತ ಇನ್ನೊಬ್ಬರು. ಆಮೇಲೆ ಯಾರೂ ಬರಲಿಲ್ಲ, ನಾನೂ ಕೇಳಲಿಲ್ಲ. ಹಾನೆಸ್ಟ್ಲಿ, ಅದರ ಕೊರಗು ಬಹಳ ಕಾಲ ಉಳಿಯಲಿಲ್ಲ. ಹಾಸನದಲ್ಲಿ ಒಂದು ಬಾಡಿಗೆ ರೂಮು, ರಜೆ ಬಂದರೆ ಊರು.

ಊರಿಗೆ ಬಂದರೆ ನಾನು ಮಲಗುತ್ತಿದ್ದುದು ಬಾಣಂತಿ ಕೋಣೆಯಲ್ಲಿ. ಅಡಿಗೆಮನೆಯ ಹಿಂಭಾಗದಲ್ಲಿ, ಬಚ್ಚಲಿಗೆ ಅಂಟಿಕೊಂಡು ಇದ್ದ ಕೋಣೆ ಅದು. ಅದಕ್ಕೆ ಇದ್ದದ್ದು ಅಡಿಗೆಮನೆಯಿಂದ ಒಂದು ಬಾಗಿಲು, ಬಚ್ಚಲಿಗೆ ಒಂದು ಕಿಂಡಿಯಂಥ ದಾರಿ, ಮೇಲೆ ಗೋಡೆಯಲ್ಲಿ ಒಂದು ಅಂಗೈಯಗಲದ ಗವಾಕ್ಷಿ. ತೊಲೆಯಲ್ಲಿ ತೊಟ್ಟಿಲು ತೂಗುವ ಕಬ್ಬಿಣದ ಕೊಂಡಿ. ಗೋಡೆಯ ತುಂಬ ಹೊಗೆಯ ಮಸಿ. ಎಷ್ಟು ಸುಣ್ಣ ಬಳಿದರೂ ಬೆಳ್ಳುಳ್ಳಿ, ಬಜೆ, ಸಾಂಬ್ರಾಣಿಯ ವಾಸನೆ ಹೋಗದು. ಅಜ್ಜಿ ಅಪ್ಪನನ್ನು ಹೆತ್ತದ್ದು ಅಲ್ಲಿ. ಅಮ್ಮ ನಮ್ಮ ಮೂವರನ್ನೂ ಹೆತ್ತದ್ದು ಅಲ್ಲಿ. ಅತ್ತೆಯಂದಿರು ಚೊಚ್ಚಲ ಬಾಣಂತನಕ್ಕೆ ಬರುತ್ತಿದ್ದುದು ಅಲ್ಲಿಗೆ. ಗಂಡಸರು ಅದರೊಳಗೆ ಕಾಲಿಡುತ್ತಿರಲಿಲ್ಲ. ಅಡಿಗೆಮನೆಯ ಹೊಸ್ತಿಲೇ ಅವರ ಬೌಂಡರಿ. ಮಗುವನ್ನು ನೋಡಬೇಕಾದರೆ ಹೆಸರಿಡುವ ದಿನ ನಡುಮನೆಗೆ ತಂದಾಗಲೇ ನೋಡಬೇಕು. ಹುಡುಗರೂ ಅಷ್ಟೇ, ಹಾಲು ಬಿಟ್ಟ ಮೇಲೆ ಆ ಕೋಣೆ ಅವರಿಗೆ ಮುಚ್ಚಿದಂತೆ. ಮನೆಯ ಮಕ್ಕಳಲ್ಲಿ ನಾನೊಬ್ಬಳೇ ಒಳಗೆ ಹೊರಗೆ ಓಡಾಡಬಹುದಾಗಿದ್ದವಳು, ಮೆಣಸಿನ ಸಾರಿನ ಬಟ್ಟಲು ಹಿಡಿದುಕೊಂಡು, ಕೆಂಡದ ಚಟ್ಟಿ ಹಿಡಿದುಕೊಂಡು. ಅಲ್ಲಿ ನಮ್ಮ ಹೆಂಗಸರ ಪಾರ್ಲಿಮೆಂಟ್ ನಡೆಯುತ್ತಿತ್ತು. ಯಾವ ಅತ್ತೆಯ ಮಾವ ಜಿಪುಣ, ಯಾರ ಗಂಡ ಕುಡಿದು ಬಂದು ನಾಯಿಗೂಡಿನ ಪಕ್ಕ ಮಲಗಿದ, ಎಲ್ಲವೂ ನನಗೆ ಗೊತ್ತಾಗಿದ್ದು ಅಲ್ಲಿಯೇ. ಮಂಜ ಹೊಸ್ತಿಲಾಚೆ ನಿಂತು 'ಏನಂತೆ ಕೆಂಚಕ್ಕ, ಏನಂತೆ' ಅಂತ ಪೀಡಿಸಿದರೂ ಹೇಳುತ್ತಿರಲಿಲ್ಲ. ಅತ್ತೆಯಂದಿರು ಆ ಕೆಲವು ತಿಂಗಳು ಮಹಾರಾಣಿಯರಂತೆ ಇರುತ್ತಿದ್ದರು. ಅವರು ಬಾಯಿ ಬಿಟ್ಟು ಬಿಸಿನೀರು ಕೇಳಬಹುದಿತ್ತು, ತುಪ್ಪ ಕೇಳಬಹುದಿತ್ತು. ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟರೆಂದರೆ ಮತ್ತೆ ಅವರು ಅದೇ ಮನೆಗೆ ನೆಂಟರು. ಕಾಲ ಬದಲಾಗಿ ಹೆರಿಗೆಗಳೆಲ್ಲ ಸಕಲೇಶಪುರದ ಆಸ್ಪತ್ರೆಗೆ ಹೋದ ಮೇಲೆ ಕೋಣೆ ಖಾಲಿಯಾಯಿತು. ಹೆರದ ನಾನು ನನ್ನ ಪುಸ್ತಕ, ನನ್ನ ರೇಡಿಯೊ, ನನ್ನ ಎರಡು ಸೀರೆ ಅಲ್ಲಿಟ್ಟುಕೊಂಡೆ. ಯಾರೂ ಏನೂ ಅನ್ನಲಿಲ್ಲ. ಯಾರಿಗೂ ಅದು ನೆನಪೇ ಇರಲಿಲ್ಲ ಅನ್ನುವುದು ನನಗೆ ಆಮೇಲೆ ತಿಳಿಯಿತು.

ಅಪ್ಪನ ಕಾರ್ಯವೆಲ್ಲ ಮುಗಿದು, ಕಾಫಿಯೂ ಮಾರಾಟವಾದ ಮೇಲೆ, ಖಾತೆ ಬದಲಾಯಿಸುವುದಕ್ಕೆ ಏನು ಮಾಡಬೇಕು ಅಂತ ಕೇಳಲು ಅಣ್ಣ ಸಕಲೇಶಪುರದ ವಕೀಲರೊಬ್ಬರ ಹತ್ತಿರ ಹೋದ. ಸಂಜೆ ವಾಪಸ್ ಬಂದವನು ಕಾಫಿ ಲೋಟ ತಿರುಗಿಸುತ್ತಾ ಕೂತಿದ್ದ. ಪಾಳ್ಯದ ಮಾವ ಕೆದಕಿದರು. ಹಿರಿಯರಿಂದ ಬಂದದ್ದು ಎಷ್ಟು, ಸ್ವಂತದ್ದು ಎಷ್ಟು ಅನ್ನುವ ಲೆಕ್ಕ ಬೇರೆ ಇದೆಯಂತೆ, ಆದರೆ ಅಪ್ಪನದು ಅಂತ ಏನು ಬರುತ್ತದೋ ಅದು ಉಯಿಲು ಇಲ್ಲದಿದ್ದರೆ ಐದು ಜನಕ್ಕೆ ಸಮ ಅಂತೆ. ನಾವು ಮೂವರು ಮಕ್ಕಳು, ಅಮ್ಮ, ಮತ್ತೆ ಅಜ್ಜಿ. ಕ್ಲಾಸ್ ಒನ್ ಹೇರ್ಸ್ ಅಂತ ವಕೀಲರು ಹೇಳಿದ್ದನ್ನು ಅಣ್ಣ ಹಾಗೆಯೇ ನನ್ನ ಮುಖ ನೋಡಿ ಹೇಳಿದ, ಇಂಗ್ಲಿಷಾದ್ದರಿಂದ ನನಗೇ ಹೆಚ್ಚು ಗೊತ್ತಿರಬೇಕು ಅನ್ನುವ ಹಾಗೆ. ನನಗೂ ಗೊತ್ತಿರಲಿಲ್ಲ. ಮಾವನಿಗೆ ಹೆಣ್ಣುಮಕ್ಕಳ ಪಾಲಿನ ಮಾತು ಹೇಗೋ ಗಂಟಲಿಳಿಯಿತು, ಪೇಪರಿನಲ್ಲಿ ಓದಿದ್ದರು. ಅಜ್ಜಿಯದು ಇಳಿಯಲಿಲ್ಲ.

"ಸತ್ತೋನ ತಾಯಿಗೂ ಪಾಲಾ? ಆಸ್ತಿ ಅನ್ನೋದು ನೀರಿದ್ದಂಗೆ ಕಣಯ್ಯ, ಇಳಿಜಾರಿಗೆ ಹರೀತೈತೆ. ಮಗನಿಂದ ತಾಯಿಗೆ ಹತ್ತೋದು ಅಂದ್ರೆ ಶಿರಾಡಿ ಘಾಟಿ ಇಳಿದ ಹೊಳೆ ತಿರುಗಿ ಮೇಲಕ್ಕೆ ಹತ್ತಿ ಮಾರನಹಳ್ಳಿಗೆ ಬಂದಂಗಾಯ್ತು."

ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಎಂಬತ್ತು ದಾಟಿತ್ತು, ಕಿವಿ ಮಾತ್ರ ಚುರುಕು.

"ದುಃಖ ಹತ್ತಿತಲ್ಲ ಪುಟ್ಟಸ್ವಾಮಿ, ಮಗನಿಂದ ತಾಯಿಗೆ. ಅದಕ್ಕೆ ನೀನು ಅಡ್ಡ ಬರ್ನಿಲ್ಲ."

ಮಾವ ಲೋಟ ಕೆಳಗಿಟ್ಟರು.  ಮುಂದಿನ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಕಡೆ ಕಾನೂನು ಏನೇ ಹೇಳಲಿ, ಹೆಂಗಸರು ಹಕ್ಕು ಬಿಟ್ಟು ಸಹಿ ಹಾಕುತ್ತಾರೆ, ಗಂಡುಮಕ್ಕಳು ಪಾಲು ಮಾಡಿಕೊಳ್ಳುತ್ತಾರೆ. ಅಮ್ಮ ಆಗಲೇ 'ನಂಗ್ಯಾಕಪ್ಪಾ, ಮಂಜನ ಜೊತೆ ಇರ್ತೀನಿ' ಅಂದುಬಿಟ್ಟಿದ್ದಳು. ನಾನು ಸಹಿ ಹಾಕಲು ಈಸ್ಟರ್ ರಜೆಯಲ್ಲಿ ಬರುತ್ತೇನೆ ಅಂದೆ. ಯಾರೂ ನನ್ನನ್ನು ಕೇಳಿರಲಿಲ್ಲ, ಬಲವಂತವನ್ನೂ ಮಾಡಿರಲಿಲ್ಲ. ಎಲ್ಲರ ಮನಸ್ಸೂ ಸ್ವಚ್ಛವಾಗಿತ್ತು. ಅದೇ ಕಷ್ಟ.

ಪಾಲಿನ ದಿನ ಜಗಲಿಯ ಮೇಲೆ ಕಂಬಳಿ ಹಾಸಿದ್ದರು. ನಮ್ಮಲ್ಲಿ ಹಿರಿಯವನು ಪಾಲು ಹಾಕಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಹಾಗಿದ್ದಾಗ ಹಿರಿಯವನ ಕೈ ತಾನಾಗಿಯೇ ನೇರವಾಗುತ್ತದೆ. ಅಣ್ಣ ವಾರವಿಡೀ ಹಗ್ಗ ಹಿಡಿದುಕೊಂಡು ತೋಟ ಸುತ್ತಿದ್ದ. ಯಾವ ಕಡೆ ಅರೇಬಿಕಾ ಜಾಸ್ತಿ, ಯಾವ ಕಡೆ ಮೆಣಸಿನ ಬಳ್ಳಿ ಒಳ್ಳೆಯದು, ನೀರು ಯಾವ ಕಡೆಯಿಂದ ಇಳಿಯುತ್ತದೆ, ಎಲ್ಲವನ್ನೂ ತೂಗಿ ಎರಡು ಪಾಲು ಮಾಡಿದ್ದ. ಕಣದ ಮಧ್ಯೆ ಸುಣ್ಣದ ಗೆರೆ ಎಳೆದಿದ್ದ. ಮನೆಯನ್ನು ಮಾತ್ರ ಅಳೆಯಲಿಲ್ಲ. ಹುಟ್ಟಿ ಬೆಳೆದ ಮನೆಯನ್ನು ಅಳೆಯುವುದೇನು, ಜಗಲಿಯ ಮೇಲೆ ಕೂತೇ ಹೇಳಬಹುದು ಅಂದುಕೊಂಡರು ಗಂಡಸರು. ಪಾಳ್ಯದ ಮಾವ ಎದ್ದು ನಿಂತು ಎರಡೂ ಪಾಲನ್ನು ಬಾಯಲ್ಲಿ ಹೇಳಿದರು. ಬಾಯಲ್ಲಿ ಹೆಸರು ಹೇಳದ್ದು ಪಾಲಿಗೆ ಸೇರಿದ್ದಲ್ಲ ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಹಿಂದೆ ಯಾವುದೋ ಮನೆಯಲ್ಲಿ ಬೇಲಿಯ ಮೇಲಿನ ಒಂದು ಹಲಸಿನ ಮರದ ಹೆಸರು ಹೇಳಲು ಮರೆತು, ಅಣ್ಣ ತಮ್ಮಂದಿರ ಮಕ್ಕಳು ಮೊಮ್ಮಕ್ಕಳವರೆಗೂ ಮಾತು ಬಿಟ್ಟಿದ್ದರಂತೆ. ಹಾಗಾಗಿ ಮಾವ ಒಂದನ್ನೂ ಬಿಡದೆ ಹೇಳಿದರು. ಮುಂದಿನ ಪಾಲಿಗೆ ಜಗಲಿ, ಹಜಾರ, ಅದರ ಮೇಲಿನ ಅಟ್ಟ, ಕಾಫಿ ಸ್ಟೋರು. ಹಿಂದಿನ ಪಾಲಿಗೆ ನಡುಮನೆ, ದೇವರಕೋಣೆ, ಅಡಿಗೆಮನೆ, ಕೊಟ್ಟಿಗೆ. ತೊಟ್ಟಿ ಇಬ್ಬರಿಗೂ. ನಾಯಿಗೂಡನ್ನೂ ಹೇಳಿದರು. ಮಂಜ ಯೋಚಿಸುವ ನಾಟಕ ಮಾಡಿ ಹಿಂದಿನದನ್ನು ಆರಿಸಿಕೊಂಡ.

"ಅನ್ನ ಬರೋ ಕಡೆ ಹೋಗ್ತಾನೆ ನೋಡ್ರಪ್ಪ," ಅಂದರು ಯಾರೋ. ಎಲ್ಲರೂ ನಕ್ಕರು. ಅಪ್ಪ ಹೋದ ಮೇಲೆ ಆ ಜಗಲಿಯಲ್ಲಿ ನಗು ಕೇಳಿದ್ದು ಅದೇ ಮೊದಲು.

ನಗು ಇಳಿಯುವಷ್ಟರಲ್ಲಿ ನಡುಮನೆಯ ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು.

"ಬಾಣಂತಿ ಕೋಣೆ ಯಾರಿಗೆ ಹಾಕಿದ್ರಪ್ಪ?"

ಮಾವ ಬೆರಳು ಮಡಚಿ ಮತ್ತೆ ಮೊದಲಿಂದ ಎಣಿಸಿದರು. ಅಣ್ಣ ಮಂಜನ ಮುಖ ನೋಡಿದ, ಮಂಜ ಅಣ್ಣನ ಮುಖ ನೋಡಿದ. ಊರ ಹಿರಿಯರೊಬ್ಬರು 'ಅದೆಲ್ಲಿ ಬತ್ತದೆ?' ಅಂತ ಕೇಳಿದರು. ಕೂತಿದ್ದ ಗಂಡಸರಲ್ಲಿ ಇಬ್ಬರು ಆ ಕೋಣೆಯಲ್ಲೇ ಹುಟ್ಟಿದವರು. ಹುಟ್ಟಿ ಹೊರಗೆ ಬಂದ ಮೇಲೆ ಒಬ್ಬರೂ ಮತ್ತೆ ಒಳಗೆ ಹೋದವರಲ್ಲ. ಹಾಗಾಗಿ ಅವರ ತಲೆಯೊಳಗಿನ ಮನೆಯಲ್ಲಿ ಅಡಿಗೆಮನೆಯ ಆಚೆ ಗೋಡೆ ಇತ್ತು, ಗೋಡೆಯಾಚೆ ಬಾಳೆಗಿಡ. ನಡುವೆ ಒಂದು ಕೋಣೆ, ಒಂದು ಬಚ್ಚಲು ಇರಲೇ ಇಲ್ಲ. ಬಚ್ಚಲನ್ನೂ ಮರೆತಿದ್ದರು, ಗಂಡಸರು ಸ್ನಾನ ಮಾಡುತ್ತಿದ್ದುದು ಹೊರಗೆ ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ. ಅಮ್ಮ ಸೌಟು ಹಿಡಿದುಕೊಂಡೇ ಬಂದು, 'ಅಡಿಗೆಮನೆ ಅಂದ್ರೆ ಅದೂ ಸೇರ್ತು ಅಂದ್ಕಂಡೆ' ಅಂದಳು.

"ಹೆಸರು ಹೇಳ್ದೆ ಇದ್ಮೇಲೆ ಸೇರ್ನಿಲ್ಲ," ಅಂದಳು ಅಜ್ಜಿ. "ನಿಮ್ಮ ಮಾತೇ. ಅದು ಯಾರ ಪಾಲೂ ಅಲ್ಲ ಈಗ. ಅದನ್ನ ಕೆಂಚಿಗೆ ಹಾಕಿ."

ಮಾವ ನಕ್ಕು, ಇನ್ನೊಂದು ಸಾರಿ ಹೇಳಿ ಹಿಂದಿನ ಪಾಲಿಗೆ ಸೇರಿಸಿಬಿಡೋಣ ಅಂತ ಬಾಯಿ ತೆರೆದರು. ಅಜ್ಜಿ ಕೋಲೂರಿಕೊಂಡು ಜಗಲಿಗೇ ಬಂದಳು. ಗಂಡಸರ ಪಂಚಾಯ್ತಿಯ ಮಧ್ಯೆ ಅವಳು ಬಂದು ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ನಾನೂ ಒಂದು ಪಾಲಿನೋಳು ಅಂತ ವಕೀಲ ಹೇಳವ್ನೆ. ನಂಗೆ ತೋಟ ಬ್ಯಾಡ, ಗದ್ದೆ ಬ್ಯಾಡ. ಎಲ್ಲಿ ಬೇಕೋ ಅಲ್ಲಿ ಹೆಬ್ಬೆಟ್ಟು ಒತ್ತೀನಿ. ಆ ಕೋಣೆ, ಬಚ್ಚಲು, ಹೊರಕ್ಕೊಂದು ಬಾಗ್ಲು ಅವಳ ಹೆಸರಿಗೆ ಆಗ್ಲಿ. ಆಗ್ನಿಲ್ಲ ಅಂದ್ರೆ ಒತ್ತಕಿಲ್ಲ."

ಬಾಗಿಲು ಅನ್ನುವ ಮಾತು ಬಂದದ್ದೇ ಅಣ್ಣನ ಮುಖ ಕೆಂಪಾಯಿತು. ಕೋಣೆಯ ಮಾತಿಗೆ ಅವನು ಬೇಸರ ಪಟ್ಟಿರಲಿಲ್ಲ, ಅದು ಮಂಜನ ಕಡೆ ಇತ್ತು, ಅವನಿಗೇನೂ ನಷ್ಟವಿರಲಿಲ್ಲ. ಹೊರಗೋಡೆ ಒಡೆದು ತಂಗಿಗೆ ಬೇರೆ ಬಾಗಿಲು ಅನ್ನುವುದು ಅವನಿಗೆ ನಾಟಿತು.

"ಅಜ್ಜಿ, ನನ್ ತಂಗೀನ ನಾನು ಬೀದೀಗೆ ಬುಡ್ತೀನಾ? ಇಡೀ ಮನೆ ಅವಳ್ದು. ಮುಂದಿನ್ ಬಾಗ್ಲು ಅವಳ್ದು, ಹಿಂದಿನ್ ಬಾಗ್ಲು ಅವಳ್ದು."

"ಇಡೀ ಮನೆ ಅಂದ್ರೆ ಯಾವ್ದೂ ಅಲ್ಲ ಕಣ್ಲಾ. ಒಂದು ಕೋಣೆ ಹೇಳು."

"ಬೇರೆ ಬಾಗ್ಲು ಇಕ್ಕಿದ್ರೆ ಊರೋರು ಏನಂತಾರೆ? ದೇವರಾಜ ತಂಗಿಗೆ ಒಂದು ತುತ್ತು ಅನ್ನ ಹಾಕ್ನಿಲ್ಲ, ಅದ್ಕೇ ಅವ್ಳು ಬೇರೆ ಆದ್ಲು ಅಂತಾರೆ. ನಾನು ಅಷ್ಟು ಕೆಟ್ಟೋನಾ?"

ಅವನ ದನಿ ಒಡೆಯಿತು. ಅಪ್ಪನ ಹೆಣದ ಮುಂದೆ ಒಡೆಯದ ದನಿ. ನನಗೆ ಓಡಿಹೋಗಿ, ಬೇಡ ಅಣ್ಣ, ಏನೂ ಬೇಡ, ಎಲ್ಲಿ ಸಹಿ ಹಾಕಬೇಕು ತೋರಿಸು ಅನ್ನಬೇಕು ಅನ್ನಿಸಿತು. ಅಜ್ಜಿ ನನ್ನ ಕಡೆ ತಿರುಗಿದಳು.

"ನಮ್ಮಪ್ಪನ ಮನೇಲಿ ನಂಗೆ ಒಂದು ಸೀರೆ ಕೊಟ್ಟು ಕಳಿಸಿದ್ರು ಕಣವ್ವ. ಪ್ರೀತಿಯಿಂದ್ಲೇ ಕೊಟ್ರು. ಆ ಸೀರೆ ನಿಮ್ಮಪ್ಪನ ತೊಟ್ಲು ಬಟ್ಟೆ ಆಗಿ ಹರ್ದೋಯ್ತು. ನಾನು ಆಗ ಬಾಯಿ ಬುಡ್ನಿಲ್ಲ. ನಿಂಗೆ ಬೇಕೋ ಬ್ಯಾಡ್ವೋ, ನಿನ್ ಬಾಯಲ್ಲಿ ಹೇಳು. ಬ್ಯಾಡ ಅಂದ್ರೆ ಇಲ್ಲೇ ಮುಗೀತು, ಇನ್ನು ನಾನು ಎತ್ತಕಿಲ್ಲ."

ಎಲ್ಲರೂ ನನ್ನನ್ನು ನೋಡುತ್ತಿದ್ದರು.  ನನ್ನನ್ನು ಒಬ್ಬರು ಕೇಳಿದ್ದರು. ಸಿಸ್ಟರ್ ಹೇಳಿಕೊಟ್ಟ ಹಾಗೆ ಕಾದದ್ದಕ್ಕೆ, ನಲವತ್ತನೇ ವಯಸ್ಸಿನಲ್ಲಿ, ಕೇಳಿದ್ದರು. ಆಗಲೂ ಸುಮ್ಮನಿದ್ದರೆ ಇನ್ನು ಯಾರನ್ನು ದೂರುವುದು ಅನ್ನಿಸಿತು.

"ಬೇಕು ಅಣ್ಣ," ಅಂದೆ.

 ಇನ್ನೇನಾದರೂ ಹೇಳದೆ ಆ ಒಂದು ಶಬ್ದವನ್ನು ಅಲ್ಲೇ ಬಿಡಲು ನನ್ನಿಂದಾಗಲಿಲ್ಲ.

"ನಾನು ಬಂದಾಗೆಲ್ಲ ಅತ್ತಿಗೆ ಕಾಫಿ ಕೊಡ್ತಾರೆ, ಅಮ್ಮ ಊಟಕ್ಕೆ ಇಕ್ತಾಳೆ. ಒಂದು ದಿನಾನೂ ಯಾರೂ ಬೇಜಾರು ಮಾಡ್ಕೊಂಡಿಲ್ಲ. ಆದ್ರೆ ನೀನು ಬಂದ್ರೆ ನಾನೊಂದು ಲೋಟ ಕಾಫಿ ಕಾಯಿಸಿ ಕೊಡೋಕೆ ನಂಗೆ ಜಾಗ ಇಲ್ಲ ಅಣ್ಣ. ಅಷ್ಟಕ್ಕೆ ಬೇಕು."

ಪಾ‌ಳ್ಯದ ಮಾವ ಮೀಸೆ ಸವರಿದರು. ಆಮೇಲೆ ಎದ್ದು ನಿಂತು, ಮೊದಲಿನಷ್ಟೇ ಗಟ್ಟಿ ದನಿಯಲ್ಲಿ, ಬಾಣಂತಿ ಕೋಣೆ, ಬಚ್ಚಲು, ಬಾಳೆಗಿಡದ ಪಕ್ಕದ ಓಡಾಡುವ ದಾರಿ ಕೆಂಚಮ್ಮನಿಗೆ ಅಂತ ಹೇಳಿದರು. ಅಮ್ಮ, ನಾನು, ಅಜ್ಜಿ ಉಳಿದದ್ದಕ್ಕೆಲ್ಲ ಹಕ್ಕು ಬಿಟ್ಟೆವು. ವಕೀಲರ ಲೆಕ್ಕದಲ್ಲಿ ನನಗೆ ಬರಬೇಕಾದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ನನ್ನ ಸ್ಟಾಫ್ ರೂಮಿನ ಗೆಳತಿಯರು ಇವತ್ತಿಗೂ ನನ್ನನ್ನು ದಡ್ಡಿ ಅನ್ನುತ್ತಾರೆ. ಅವರು ಹೇಳುವುದು ಸರಿ. ನಾನು ತೋಟ ಕೇಳಲಿಲ್ಲ, ಯಾಕೆಂದರೆ ನನಗೆ ಬೇಕಾದದ್ದು ತೋಟವಾಗಿರಲಿಲ್ಲ.

ಅಣ್ಣ ನನ್ನ ಜೊತೆ ಮಾತು ಬಿಟ್ಟ. ಬಾಳ್ಳುಪೇಟೆಯವರೆಗೆ ಜೀಪಿನಲ್ಲಿ ಬಿಡಲು ಬಂದವನು ದಾರಿಯುದ್ದಕ್ಕೂ ರಸ್ತೆ ನೋಡಿಕೊಂಡಿದ್ದ. ಬಸ್ಸು ಬಂದಾಗ ನನ್ನ ಬ್ಯಾಗನ್ನು ಕಿಟಕಿಯಿಂದ ಒಳಗಿಟ್ಟು ಸೀಟು ಹಿಡಿದುಕೊಟ್ಟ. ಮಂಜ ಫೋನಿನಲ್ಲಿ ವರದಿ ಕೊಡುತ್ತಿದ್ದ. ಅಣ್ಣ ಗೋಡೆ ಒಡೆಯಲು ಯಾರನ್ನೂ ಕರೆಯಲಿಲ್ಲವಂತೆ, ತಾನೇ ಹಾರೆ ಹಿಡಿದು ಹೊರಗಿನಿಂದ ಒಡೆದನಂತೆ. ಮಣ್ಣಿನ ಗೋಡೆ, ಮೊಣಕೈಯುದ್ದದ ದಪ್ಪ. ಒಡೆಯುವಾಗ ಬೈಯುತ್ತಿದ್ದನಂತೆ, ಯಾರನ್ನು ಅಂತ ಗೊತ್ತಾಗಲಿಲ್ಲ ಅಂದ ಮಂಜ.

"ನಿನ್ನನ್ನೋ, ಅಜ್ಜೀನೋ, ಗೋಡೇನೋ. ಮಧ್ಯೆ ಮಧ್ಯೆ ಸರ್ಕಾರಕ್ಕೂ ಬೈದ ಕಣಕ್ಕ. ಅತ್ತಿಗೆ ಮಜ್ಜಿಗೆ ಕೊಟ್ರೆ ಕುಡಿದು ಮತ್ತೆ ಬೈದ."

ಪಾಲಾದ ಮೇಲೆ ಅಣ್ಣ ಮುಂದಿನ ಭಾಗದಲ್ಲಿ ಹೊಸದಾಗಿ ಅಡಿಗೆಮನೆ ಮಾಡಿಕೊಳ್ಳಬೇಕಿತ್ತು. ಎರಡು ಮಳೆಗಾಲ ಸ್ಟೋರಿನಲ್ಲಿ ಹದವಾಗಿದ್ದ ಹಲಸಿನ ಹಲಗೆಯನ್ನು ಅದರ ಬಾಗಿಲಿಗೆ ಅಂತ ಎತ್ತಿಟ್ಟಿದ್ದ. ಮೇ ರಜೆಗೆ ನಾನು ಬಂದಾಗ ಆ ಹಲಗೆ ನನ್ನ ಬಾಗಿಲಾಗಿತ್ತು. ಜೇನಿನ ಬಣ್ಣ, ಅಂಚಿಗೆ ಎರಡು ಗೆರೆಯ ಕೆತ್ತನೆ. ಅತ್ತಿಗೆಯ ಅಡಿಗೆಮನೆಗೆ ಮಾತ್ರ ಬಹಳ ವರ್ಷ ಪ್ಲೈವುಡ್ ಬಾಗಿಲೇ ಇತ್ತು. ನಾನು ಮುಜುಗರದಿಂದ ಕೇಳಿದರೆ ಅತ್ತಿಗೆ, 'ಅವರನ್ನ ಕೇಳು, ನಂಗೇನ್ ಗೊತ್ತು' ಅಂತ ನಕ್ಕು ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದರು. ಬಾಗಿಲಿಗೆ ಒಳಗಿನಿಂದ ಚಿಲಕ ಇತ್ತು, ಹೊರಗಿನಿಂದ ಬೀಗ ಹಾಕಲು ಕೊಂಡಿ ಇರಲಿಲ್ಲ. ಮಂಜನ ಮೂಲಕ ಕೇಳಿಸಿದೆ. ಮಂಜನ ಮೂಲಕವೇ ಉತ್ತರ ಬಂತು: ನಾವು ಸತ್ತೋಗಿದ್ದೀವಾ, ಬೀಗ ಹಾಕ್ಕೊಂಡು ಹೋಗೋಕೆ?

ನಾನು ಕೋಣೆಗೆ ಸುಣ್ಣ ಬಳಿದೆ. ಹಾಸನದಿಂದ ಸೀಮೆಎಣ್ಣೆ ಸ್ಟೌ, ಒಂದು ಫಿಲ್ಟರ್, ಆರು ಲೋಟ ತಂದಿದ್ದೆ. ಎಲ್ಲ ಹೊಂದಿಸಿ ಇಟ್ಟ ಮಧ್ಯಾಹ್ನ ಹೊರಗೆ ಕೋಲಿನ ಸದ್ದಾಯಿತು. ಅಡಿಗೆಮನೆಯ ಬಾಗಿಲು ತೆರೆದೇ ಇತ್ತು. ಅಲ್ಲಿಂದ ಬಂದರೆ ಅಜ್ಜಿಗೆ ನಾಲ್ಕು ಹೆಜ್ಜೆ. ಆದರೆ ಅವಳು ಜಗಲಿ ಇಳಿದು, ಕಣದ ಅಂಚಿನಲ್ಲಿ ಇಡೀ ಮನೆ ಸುತ್ತಿ, ಹೊಸ ಬಾಗಿಲಿಗೆ ಬಂದಿದ್ದಳು. ನೆಂಟರ ಮನೆಗೆ ಹೋಗುವಾಗ ಉಡುವ ಸೀರೆ ಉಟ್ಟಿದ್ದಳು. ಅವಳ ಒಂದು ಕೈ ಕೋಲಿನ ಮೇಲೆ, ಇನ್ನೊಂದು ಕೈ ಅಣ್ಣನ ತೋಳಿನ ಮೇಲೆ.

"ಮನೇಲಿದ್ದೀರೇನವ್ವಾ?" ಅಂದಳು.

"ಕಣದಲ್ಲಿ ಕಲ್ಲವೆ, ಕೈ ಹಿಡ್ಕೊ ಅಂದ್ಲು," ಅಂದ ಅಣ್ಣ, ಬಾಗಿಲ ಚೌಕಟ್ಟನ್ನು ನೋಡುತ್ತಾ. ಪಾಲಿನ ದಿನದ ನಂತರ ಅವನು ನನ್ನೆದುರು ಆಡಿದ ಮೊದಲ ಮಾತು ಅದು.

ಅಜ್ಜಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಅಣ್ಣ ಹೊರಗೇ ನಿಂತ. ಕಾಲು ಎತ್ತಿದ, ಇಳಿಸಿದ. ಅವನ ಸಿಟ್ಟು ಅಂತ ನಾನು ಮೊದಲು ಅಂದುಕೊಂಡೆ. ಅಜ್ಜಿಗೆ ಬೇಗ ಗೊತ್ತಾಯಿತು.

"ಬಾರ್ಲಾ. ಯಾರೂ ಹೆತ್ತಿಲ್ಲ ಈಗ."

ಅವನು ತಲೆ ತಗ್ಗಿಸಿ ಒಳಗೆ ಬಂದ. ಕತ್ತು ತಿರುಗಿಸಿ ಗೋಡೆ ನೋಡಿದ, ಗವಾಕ್ಷಿ ನೋಡಿದ, ತೊಲೆಯ ಕೊಂಡಿಯನ್ನು ಕೈ ಚಾಚಿ ಮುಟ್ಟಿ ಎಳೆದು ಗಟ್ಟಿಯಿದೆಯಾ ಅಂತ ಪರೀಕ್ಷಿಸಿದ.

"ಇಷ್ಟೇನಾ?" ಅಂದ.

"ಇಷ್ಟೇ," ಅಂದಳು ಅಜ್ಜಿ. "ನೀನು ಹುಟ್ಟಿದಾಗ ಇಷ್ಟೂ ಬೇಕಾಗಿರ್ನಿಲ್ಲ. ಒಂದು ಮೊರ ಸಾಕಾಗಿತ್ತು."

ಅಣ್ಣನಿಗೆ ನಗು ಬಂತು, ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಾನು ಸ್ಟೌ ಹಚ್ಚಿ ಹಾಲು ಕಾಯಿಸಿದೆ. ಡಿಕಾಕ್ಷನ್ ಹೆಚ್ಚಾಯಿತು. ಅಣ್ಣ ಒಂದು ಗುಟುಕು ಕುಡಿದು, 'ಕಹಿ ಮಾಡಿದ್ದೀಯ' ಅಂದ, ಲೋಟ ಖಾಲಿ ಮಾಡಿ ಇನ್ನೊಂದು ಅರ್ಧ ಹಾಕಿಸಿಕೊಂಡ. ಅಜ್ಜಿ ಮಂಚದ ಮೇಲೆ ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸಣ್ಣ ಸಣ್ಣ ಗುಟುಕಾಗಿ ಕುಡಿದಳು. ಕುಡಿಯುತ್ತಾ ಹೇಳಿದಳು:

"ಅಪ್ಪನ ಮನೆ, ಗಂಡನ ಮನೆ, ಮಗನ ಮನೆ, ಅಳಿಯನ ಮನೆ. ಹೆಂಗಸಿನ ಮನೆಗೆ ನೆಂಟ್ಳಾಗಿ ಹೋಗಿದ್ದು ನಾನು ಇದೇ ಮೊದ್ಲು ಕಣವ್ವ."

ಆಮೇಲೆ ಹೊರಡಲು ಎದ್ದಳು. ಹಿಂಗೆ ಅಡಿಗೆಮನೆಯಿಂದ ಹೋಗು ಅಜ್ಜಿ, ಹತ್ತಿರ ಅಂದೆ. ತಲೆಯಾಡಿಸಿದಳು. ಬಂದ ಬಾಗಿಲಲ್ಲೇ ಹೋಗಬೇಕು, ನೆಂಟರು ಮನೆಯವರ ಅಡಿಗೆಮನೆ ಹಾಯ್ದು ಹೋಗುವುದಿಲ್ಲ ಅಂದಳು. ನಾನು ಅವಳ ಹಿಂದೆ ಇಳಿಯಲು ಹೋದೆ, ಕಣದ ಮೂಲೆಯವರೆಗಾದರೂ ಕೈ ಹಿಡಿಯೋಣ ಅಂತ. ಅಜ್ಜಿ ಕೋಲನ್ನು ನನಗೆ ಅಡ್ಡ ಹಿಡಿದಳು.

"ಅವನವ್ನೆ. ನೀನು ಬಾಗ್ಲಲ್ಲಿ ನಿಂತ್ಕೊ, ಸಾಕು."

ಮಾರನೆಯ ದಿನ ಬೆಳಗಿನ ಬಸ್ಸಿಗೆ ನಾನು ಪರೀಕ್ಷೆ ಪೇಪರ್ ತಿದ್ದುವ ಕೆಲಸಕ್ಕೆ ಹೊರಟಾಗ ಅಜ್ಜಿ ಇನ್ನೂ ಎದ್ದಿರಲಿಲ್ಲ, ಎಬ್ಬಿಸುವುದು ಬೇಡ ಅಂದಳು ಅಮ್ಮ. ಮುಂದಿನ ವಾರ ಶಾಲೆಯ ಆಫೀಸಿಗೆ ಮಂಜನ ಫೋನ್ ಬಂತು. ಹಾಗಾಗಿ ನಾನು ಅವಳನ್ನು ಕಡೆಯ ಸಲ ನೋಡಿದ್ದು ಆ ಮಧ್ಯಾಹ್ನವೇ, ನನ್ನ ಬಾಗಿಲಲ್ಲಿ ನಿಂತು. ಅಣ್ಣ ಅವಳ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು, ಮುಂದಿನ ಕಲ್ಲುಗಳನ್ನು ಕಾಲಿನಿಂದ ಸರಿಸುತ್ತಾ ಹೋಗುತ್ತಿದ್ದ. ಬಾಳೆಗಿಡದ ಹತ್ತಿರ ಅವಳು ಒಮ್ಮೆ ನಿಂತು, ಬಿಸಿಲಿಗೆ ಕಾದ ಹೊರಗೋಡೆಗೆ ಅಂಗೈ ಊರಿ ಉಸಿರು ತೆಗೆದುಕೊಂಡಳು. ಆಮೇಲೆ ಕೈ ತೆಗೆದು ಸೀರೆಗೆ ಒರೆಸಿಕೊಂಡು, ಅಣ್ಣನಿಗೆ ಏನೋ ಹೇಳಿ, ಮೂಲೆ ತಿರುಗಿದಳು.